ಕುದುರೆಗೆ ವಿಷ ಹಾಕದ ಟೈಪಿಂಗ್ ಮೇಡಂ

ಅವರು ಮಾನಿಟರಿನ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಮುಖ ಒಯ್ದರೆ ಹಣೆಯ ಮೇಲಿನ ಬಿಡಿಗೂದಲು ಒಂದೊಂದಾಗಿ ಎದ್ದು ಗಾಜಿನ ಕಡೆ ಬಾಗುತ್ತಿತ್ತು. ಹಳೆಯ ಡಬ್ಬದಂಥ ಮಾನಿಟರು, ಮುಟ್ಟಿದರೆ ಚುರುಗುಟ್ಟುತ್ತಿತ್ತು. ಅವರಿಗೆ ಅದರ ಪರಿವೆಯೇ ಇಲ್ಲ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದು ಮಾಡಿ, ಪರದೆಯ ಕತ್ತಲಲ್ಲಿ ಏನಾದರೂ ಅಡಗಿದೆಯೋ ಎಂದು ಮೂಲೆ ಮೂಲೆ ತಡಕುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಕೂತ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಮೇಡಂ, ಆ ಬೀರು ಆಗ್ಲೇ ನೋಡಾಯ್ತಲ್ರೀ, ಮುಂದಕ್ಕೆ ಹೋಗ್ರಿ" ಎಂದರೆ, ಪರದೆಯಿಂದ ಕಣ್ಣು ಕೀಳದೆ "ಉಂಡು, ಉಂಡು" ಎನ್ನುತ್ತಿದ್ದರು. ಮೊಳಕಾಲ್ಮೂರು ಕಡೆಯವರು, ಯಾರಾದರೂ ಅವಸರ ಮಾಡಿದರೆ ಬಾಯಿಗೆ ತೆಲುಗು ಬರುತ್ತಿತ್ತು. 'ತಾಳು' ಎಂದು ಅದರ ಅರ್ಥ. ಆ ಮಾತನ್ನು ನಾನು ಕೇಳಿದಷ್ಟು ಇನ್ಯಾರೂ ಕೇಳಿರಲಾರರು.

ಚಳ್ಳಕೆರೆಯ ಮಾರ್ಕೆಟ್ ಯಾರ್ಡಿನ ಹಿಂದಿನ ರಸ್ತೆಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಕೆಲಸ. ನನ್ನ ತಲೆಯ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟು. ಇಡೀ ಬೀದಿಗೆ ಅವರು ಟೈಪಿಂಗ್ ಮೇಡಂ. ಮದುವೆ ಮಾಡಿಕೊಂಡಿರಲಿಲ್ಲ, ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆಯಲ್ಲೇ ವಾಸ. ಕಡಲೆಕಾಯಿ ಮಿಲ್ಲುಗಳ ಹೊಟ್ಟು ಹಾರಿ ಬಂದು ಎಲ್ಲದರ ಮೇಲೂ ಕೂರುತ್ತಿತ್ತು. ಅವರು ದಿನಕ್ಕೆ ನಾಲ್ಕಾರು ಸಲ ಹಳೇ ಸೀರೆಯ ತುಂಡಿನಿಂದ ಮಿಷನ್ನುಗಳನ್ನು ಒರೆಸಿದ್ದನ್ನೇ ಒರೆಸುತ್ತಿದ್ದರು. ಟೈಪಿಂಗ್ ಕಲಿಯುವವರು ಕಡಿಮೆಯಾದಾಗ ಬೆಂಗಳೂರಿನಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ತರಿಸಿದರು. ಚಳ್ಳಕೆರೆಗೆ ಇಂಟರ್ನೆಟ್ ಬಂದ ಹೊಸತು. ಆ ಕಂಪ್ಯೂಟರೊಂದರ ಹೊಟ್ಟೆಯಲ್ಲಿ ಹಿಂದಿನವರು ಅಳಿಸದೆ ಬಿಟ್ಟ ಆಟವೊಂದಿತ್ತು.

ಗುಂಡು ಹಾರಿಸುವ, ಕಾರು ಓಡಿಸುವ ಆಟವಲ್ಲ. ಒಂದು ಹಾಳು ಬಂಗಲೆ, ಕೈಯಲ್ಲೊಂದು ಲಾಂದ್ರ. ಕಂಡದ್ದರ ಮೇಲೆಲ್ಲ ಮೌಸ್ ಒತ್ತಿ ನೋಡಬೇಕು. ಸಿಕ್ಕ ಕೀಲಿ, ಹಗ್ಗ, ಬಾಚಣಿಗೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, ಯಾವುದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ತಲೆ ಕೆಡಿಸಿಕೊಳ್ಳಬೇಕು. ಬಂಗಲೆಯ ತುತ್ತತುದಿಯಲ್ಲಿ ಒಂದು ಬಾಗಿಲು. ಅದರ ಒಳಗಿನಿಂದ ಯಾರೋ ಮೊದಲಿನಿಂದಲೂ ಟಕ್, ಟಕ್ ಎಂದು ಬಡಿಯುತ್ತಲೇ ಇರುತ್ತಾರೆ. ಅದು ಯಾರು ಎಂದು ತಿಳಿಯುವುದೇ ಆಟದ ಕೊನೆ. ಸ್ಟೆಬಿಲೈಸರ್ ರಿಪೇರಿಗೆಂದು ಮಹಡಿ ಹತ್ತಿದ ನಾನು ಆ ಬಡಿತ ಕೇಳಿ ಅಲ್ಲೇ ಕುರ್ಚಿ ಎಳೆದುಕೊಂಡೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಒಂದು ಕಡೆ ಸಿಕ್ಕಿಹಾಕಿಕೊಂಡಾಗ ಮೇಡಂ ಇಂಟರ್ನೆಟ್ಟಿನಲ್ಲಿ ಹುಡುಕಿ, ಅದೇ ಆಟ ಆಡುವ ಒಂದು ಗುಂಪು ಕಂಡುಹಿಡಿದರು. ಏಳೆಂಟು ಜನ, ಎಲ್ಲ ಬೇರೆ ಬೇರೆ ಊರಿನವರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಚಾಟಿನಲ್ಲಿ ಸೇರುವುದು, ಅವರವರ ಕಂಪ್ಯೂಟರಿನಲ್ಲಿ ಆಡುತ್ತ ಮಾತಾಡುವುದು. ಮೈಸೂರಿನ ಪ್ರೊಫೆಸರೊಬ್ಬರು ಗುಂಪಿಗೆ ಹಿರಿಯರು. ಅವರದೊಂದು ನಿಯಮವಿತ್ತು: ಎಲ್ಲರೂ ದಾಟುವ ತನಕ ಯಾರೂ ಮುಂದಿನ ಕೋಣೆಗೆ ಕಾಲಿಡಕೂಡದು, ಉತ್ತರ ಕದ್ದು ನೋಡಕೂಡದು. ಆಟವನ್ನು ಪಕ್ಕದ ಕಂಪ್ಯೂಟರಿಗೂ ಹಾಕಿಸಿಕೊಂಡು ಮೇಡಂ ಜೊತೆ ನಾನೂ ಸೇರಿದೆ. ಇಂಗ್ಲಿಷಿನಲ್ಲಿ ನಾನು ಒಂದು ಸಾಲು ಕುಟ್ಟುವಷ್ಟರಲ್ಲಿ ಅವರು ಎಲ್ಲರಿಗೂ ಉತ್ತರ ಕೊಟ್ಟು ಮುಗಿಸಿರುತ್ತಿದ್ದರು. ಅವರ ಬೆರಳಿನ ವೇಗ ಕಂಡು ಗುಂಪಿಗೆ ಗೌರವ. ಹತ್ತು ಹೊಡೆಯುತ್ತಲೇ ಪುಣೆಯ ಹೆಂಗಸೊಬ್ಬಳು "ಚಳ್ಳಕೆರೆ ಬಂತಾ?" ಎಂದು ಕೇಳುತ್ತಿದ್ದಳು. ಊರಿನ ಹೆಸರೇ ಮೇಡಮ್ಮಿನ ಹೆಸರಾಗಿತ್ತು. ಆ ಪ್ರಶ್ನೆ ಪರದೆಯ ಮೇಲೆ ಮೂಡಿದಾಗ ಅವರ ಮುಖ ಅರಳುತ್ತಿದ್ದುದನ್ನು ನಾನು ನೋಡಿದ್ದೇನೆ. ಬೀದಿಯಲ್ಲಿ ಅವರನ್ನು ಯಾರೂ ಹಾಗೆ ಕಾಯುತ್ತಿರಲಿಲ್ಲ.

ಆದರೆ ಅವರ ಜೊತೆ ಆಡುವುದೆಂದರೆ, ಅಬ್ಬಬ್ಬಾ! ಕರೆಂಟು ಹೋಗುವುದು, ಯುಪಿಎಸ್ ಕೈಕೊಡುವುದು ಹಾಗಿರಲಿ. ಟೈಪಿಂಗ್ ಕ್ಲಾಸು ಎಷ್ಟೊತ್ತಿಗೆ ಎಂದು ಯಾವನೋ ಫೋನ್ ಮಾಡಿದರೆ ಇಂಟರ್ನೆಟ್ ಕಟ್ ಆಗುವುದೂ ಇರಲಿ. ಅವೆಲ್ಲ ದೇವರು ಕೊಟ್ಟ ಕಾಟ. ಈ ಮೇಡಂ ಮಾತ್ರ ನನಗೇ ಎಂದು ಕೊಟ್ಟ ಕಾಟ. ಒಂದು ಕೋಣೆಗೆ ಹೋದರೆ ಗೋಡೆಯ ಪ್ರತಿ ಇಟ್ಟಿಗೆ ಮುಟ್ಟಿ ನೋಡಬೇಕು. ಬಾಗಿಲು ತೆರೆದೇ ಇದ್ದರೂ ಅದರ ಹಿಂದೆ ಇಣುಕಬೇಕು. ಆಟವನ್ನು ಉಳಿಸಿಡಲು ಮರೆತು, ಕರೆಂಟು ಹೋಗಿ, ಮತ್ತೆ ಬಂಗಲೆಯ ಮುಂದಿನ ಮೆಟ್ಟಿಲಿನಿಂದ ಶುರು ಮಾಡಬೇಕಾದಾಗ ನಾನು ಟೇಬಲ್ಲು ಗುದ್ದಿದ್ದೇನೆ. ಅವರು ನನ್ನ ಕೈ ನೋಡಿ, "ಟೇಬಲ್ ಏನ್ ಮಾಡೈತೆ ತಮ್ಮಾ, ಪಾಪ" ಎಂದಿದ್ದರು.

ಹೀಗೆ ಬಂದು ಬಂದು ಬಂಗಲೆಯ ನೆಲಮಾಳಿಗೆ ತಲುಪಿದೆವು. ಅಲ್ಲೊಂದು ಗಿರಣಿ. ಕಣ್ಣು ಕಾಣದ ಮುದಿ ಕುದುರೆಯೊಂದು ನೊಗಕ್ಕೆ ಕಟ್ಟಿಸಿಕೊಂಡು ಸುತ್ತುತ್ತಲೇ ಇದೆ. ಅದು ಸುತ್ತುವವರೆಗೆ ಸರಪಳಿ ಬಿಗಿಯಾಗಿರುತ್ತದೆ, ಮೇಲಕ್ಕೆ ಹೋಗುವ ಗೇಟು ತೆರೆಯುವುದಿಲ್ಲ. ನಮ್ಮ ಚೀಲದಲ್ಲಿ ಒಂದು ಹಿಡಿ ಹುಲ್ಲಿತ್ತು, ಇಲಿಪಾಷಾಣದ ಪೊಟ್ಟಣವಿತ್ತು. ಏನು ಮಾಡಬೇಕೆಂದು ಯಾರಿಗಾದರೂ ಗೊತ್ತಾಗುತ್ತದೆ. ಅದೇ ಬೆಳಿಗ್ಗೆ ಎಲ್ಲರೂ ದಾಟಿದರು. ನಾನೂ ಪಾಷಾಣ ಬೆರೆಸಿದ ಹುಲ್ಲು ಇಟ್ಟೆ. ಕುದುರೆ ಬಿತ್ತು, ಗೇಟು ತೆರೆಯಿತು. ಇನ್ನು ಒಂದೇ ಮಹಡಿ, ಆಮೇಲೆ ಆ ಬಾಗಿಲು. ಬಡಿತ ಜೋರಾಗಿ ಕೇಳುತ್ತಿತ್ತು. ತಿರುಗಿ ನೋಡಿದರೆ ಮೇಡಂ ಮೌಸಿನಿಂದ ಕೈ ತೆಗೆದು ಸುಮ್ಮನೆ ಕೂತಿದ್ದರು.

"ನಾ ಹಾಕಲ್ಲ" ಎಂದರು.

"ಮೇಡಂ, ಅದು ಕುದುರೆ ಅಲ್ಲ, ಚಿತ್ರ."

"ನಂಗೆ ಗೊತ್ತಿಲ್ವೇನಪ್ಪಾ? ಚಿತ್ರನೇ."

"ಮತ್ತೆ? ಹಾಕ್ರಿ ಅತ್ಲಾಗೆ."

"ಕುದುರೆ ಚಿತ್ರ, ವಿಷನೂ ಚಿತ್ರ. ಹಾಕೋ ಕೈ ಯಾರ್ದು? ನಂದಲ್ವಾ? ಬೇರೆ ದಾರಿ ಇದ್ದೇ ಇರ್ತೈತೆ. ಉಂಡು."

ಅವರ ತಂದೆಯ ಮನೆತನ ದೇವರ ಎತ್ತು ಕಾಯುವುದು. ದೇವರಿಗೆ ಬಿಟ್ಟ ಆ ದನಗಳನ್ನು ಹೂಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಮುದಿಯಾಗಿ, ಕುರುಡಾಗಿ, ತಾವಾಗಿ ಸಾಯುವ ತನಕ ನೋಡಿಕೊಳ್ಳಬೇಕು. ಸಂಜೆ ಒಂದು ದನ ಕಡಿಮೆ ಬಂದರೂ ಅವರಪ್ಪ ಉಣ್ಣುತ್ತಿರಲಿಲ್ಲವಂತೆ. ಇದನ್ನು ಅವರು ನೆಪ ಮಾಡಿ ಹೇಳಲಿಲ್ಲ. ಎಂದೋ ಮಾತಿಗೆ ಮಾತು ಬಂದಾಗ ಹೇಳಿದ್ದರು, ನಾನು ನೆನೆಸಿಕೊಂಡೆ. ನೆನೆಸಿಕೊಂಡರೂ ನನ್ನ ಸಿಟ್ಟೇನೂ ಇಳಿಯಲಿಲ್ಲ.

ಅಲ್ಲಿಂದ ಭಾನುವಾರದ ಮೇಲೆ ಭಾನುವಾರ ನೆಲಮಾಳಿಗೆಯಲ್ಲೇ ಕಳೆಯಿತು. ಲಾಂದ್ರದ ಎಣ್ಣೆಯನ್ನು ಹಲ್ಲುಚಕ್ರಕ್ಕೆ ಬಿಟ್ಟರು. ಸರಪಳಿಗೆ ಹಗ್ಗ ಕಟ್ಟಿ ನೋಡಿದರು. ಬಾಚಣಿಗೆಯಿಂದ ಕುದುರೆಯ ಕೇಸರ ಬಾಚಿದರು. ಏನು ಮಾಡಿದರೂ ಪರದೆಯ ಕೆಳಗೆ 'ಇದರಿಂದ ಏನೂ ಆಗದು' ಎಂಬ ಅರ್ಥದ ಅದೇ ಇಂಗ್ಲಿಷ್ ಸಾಲು. ಆ ಸಾಲನ್ನು ನೋಡಿ ನೋಡಿ ನನ್ನ ತಲೆ ಸಿಡಿಯುತ್ತಿತ್ತು. ಅತ್ತ ಗುಂಪಿನಲ್ಲೂ ಗುಸುಗುಸು. ಮೊದಮೊದಲು "ಚಳ್ಳಕೆರೆ, ಕುದುರೆ ಹೇಗಿದೆ?" ಎಂದು ನಗುತ್ತಿದ್ದವರು ಆಮೇಲೆ ನಗುವುದನ್ನು ಬಿಟ್ಟರು. ಕೊನೆಗೊಂದು ದಿನ ಪ್ರೊಫೆಸರು, ಒಂದು ಕುದುರೆಗಾಗಿ ಇಷ್ಟು ಜನ ಕಾಯುವುದು ಹುಚ್ಚುತನ, ಹಳ್ಳಿ ಕಡೆಯವರಿಗೆ ಆಟ ಯಾವುದು ನಿಜ ಯಾವುದು ತಿಳಿಯುವುದಿಲ್ಲವೇನೋ ಎಂದು ಬರೆದರು. ಮುಂದಕ್ಕೆ ಹೋಗೋಣವೇ ಎಂದು ಎಲ್ಲರ ಒಪ್ಪಿಗೆ ಕೇಳಿದರು. ಒಬ್ಬೊಬ್ಬರಾಗಿ ಹ್ಞೂಂ ಎಂದರು. ಪುಣೆಯವಳೂ ಹ್ಞೂಂ ಎಂದಳು.

ಮೇಡಂ ನಿಯಮ ಎತ್ತಲಿಲ್ಲ, ಜಗಳ ಆಡಲಿಲ್ಲ. ಅವರ ಬೆರಳು ಅಷ್ಟು ನಿಧಾನ ಓಡಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. "ನೀವೆಲ್ಲ ಹೋಗಿ ಬನ್ನಿ, ನಾನು ಕುದುರೆ ಹತ್ತಿರ ಇರುತ್ತೇನೆ" ಎಂದು ಬರೆದರು.

ಪ್ರೊಫೆಸರು ನನ್ನನ್ನು ಕೇಳಿದರು, "ನೀವು ಬರುತ್ತೀರಲ್ಲ?" ನನಗೆ ಆ ಬಾಗಿಲು ಬೇಕಿತ್ತು. ಅದಕ್ಕಾಗಿ ಎಷ್ಟು ಭಾನುವಾರ ಸುಟ್ಟಿದ್ದೆ! ಆದರೆ ಆ 'ಹಳ್ಳಿ ಕಡೆಯವರು' ಎಂಬ ಮಾತನ್ನು ನುಂಗಿಕೊಳ್ಳಲು ನನ್ನಿಂದಾಗಲಿಲ್ಲ. ನಾನು ಬೈಯಬಹುದು ಮೇಡಮ್ಮಿಗೆ, ಇವನ್ಯಾರು? 'ನೋ' ಎಂದು ಕುಟ್ಟಿ ಸ್ವಿಚ್ಚೇ ಆರಿಸಿದೆ. ಆರಿಸಿದ ಮರುಕ್ಷಣ ಸಿಟ್ಟೆಲ್ಲ ಮೇಡಮ್ಮಿನ ಮೇಲೆ ತಿರುಗಿತು.

"ಆಯ್ತಾ? ತೃಪ್ತಿ ಆಯ್ತೇನ್ರೀ? ನಿಮ್ ಹಟಕ್ಕೆ ಇಬ್ರೂ ಹಾಳಾದ್ವಿ."

"ನಿನ್ನ ಯಾರ್ ಹಿಡ್ಕೊಂಡಿದ್ರು? ಹೋಗ್ಬೇಕಿತ್ತು."

"ಹೋಗ್ತೀನಿ. ಕದ್ದಾದ್ರೂ ನೋಡೇ ನೋಡ್ತೀನಿ, ನಿಮ್ಗೆ ಮಾತ್ರ ಹೇಳಲ್ಲ."

"ಟೀ ಇಡ್ತೀನಿ ಕೂತ್ಕೋ" ಎಂದು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು. ನಾನು ಕಪ್ಪು ತೆಗೆದುಕೊಂಡು ಕುಡಿದೆ. ಅದಾದ ಮೇಲೂ ನಾವಿಬ್ಬರು ಎಷ್ಟೋ ಭಾನುವಾರ ಆ ನೆಲಮಾಳಿಗೆಯಲ್ಲಿ ಕೂತಿದ್ದೇವೆ. ಮೆಟ್ಟಿಲು ಹತ್ತುವಾಗಲೆಲ್ಲ ಇವತ್ತೇ ಕೊನೆ ಎಂದುಕೊಳ್ಳುತ್ತಿದ್ದೆ. ಬೇರೆ ದಾರಿ ಮಾತ್ರ ಸಿಗಲೇ ಇಲ್ಲ. ಇದ್ದರಲ್ಲವೇ ಸಿಗುವುದು?

ಕಂಪ್ಯೂಟರುಗಳು ಕೆಟ್ಟವು, ಗುಜರಿಗೆ ಹೋದವು. ಕೆಲವು ವರ್ಷಗಳ ಮೇಲೆ ಮೇಡಮ್ಮಿಗೆ ಕಾಯಿಲೆ ಶುರುವಾಗಿ, ಇನ್‌ಸ್ಟಿಟ್ಯೂಟು ಮುಚ್ಚಿ, ಮೊಳಕಾಲ್ಮೂರು ಹತ್ತಿರ ತಮ್ಮನ ಮನೆ ಸೇರಿದರು. ಒಂದು ಭಾನುವಾರ ಪ್ರೈವೇಟ್ ಬಸ್ಸು ಹತ್ತಿ ನೋಡಲು ಹೋದೆ. ನಡುಮನೆಯಲ್ಲಿ ಮಂಚ. ಹಿಡಿಯಷ್ಟಾಗಿದ್ದರು. ನನ್ನನ್ನು ಕಂಡು ತಮ್ಮನ ಹೆಂಡತಿಗೆ ಟೀ ಇಡಲು ಹೇಳಿದರು. ಅವಳು ಒಳಗೆ ಹೋದದ್ದೇ ತಡ, ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು.

"ತಮ್ಮಾ, ಈಗಾದ್ರೂ ಹೇಳು. ಆ ಬಾಗಿಲ ಹಿಂದೆ ಯಾರಿದ್ರು?"

ಯಾ ಅಲ್ಲಾ! ಇಷ್ಟು ವರ್ಷ ಇವರು ನಾನು ನೋಡಿದ್ದೇನೆ ಎಂದೇ ತಿಳಿದಿದ್ದರು. ನೋಡಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಬಾಯಿಗೆ ಬಂದದ್ದು ಶುರು ಮಾಡಿದೆ. "ಹೂಂ ಮೇಡಂ, ನೀವು ಹೇಳಿದ್ದೇ ಸರಿ, ಬೇರೆ ದಾರಿ ಇತ್ತು. ಕುದುರೆ ಕೊರಳಪಟ್ಟಿ ಬಕಲ್ ಇತ್ತಲ್ಲ, ಅದನ್ನ ಬಿಚ್ಚಿದೆ, ಕುದುರೆ ಆಚೆ ನಡೀತು..."

"ಬಕಲ್ಲಾ? ಆ ಬಕಲ್ಲು ನಾನು ಎಷ್ಟ್ ಸಲ ಒತ್ತಿದೀನಿ. ಬಿಚ್ಚಲ್ಲ ಅದು." ದಿಟ್ಟಿಸಿ ನೋಡಿದರು. "ಹಂಗಾರೆ ನೀನೂ ನೋಡಿಲ್ಲ."

"ಇಲ್ಲ."

"ಯಾಕೆ? ನಿಂದು ಗೇಟ್ ತೆಗ್ದಿತ್ತಲ್ಲ."

"ನೀವು ಬಂದಿರ್ಲಿಲ್ವಲ್ಲ."

ಅವರಿಗೆ ಬಂದ ಸಿಟ್ಟು ನೋಡಬೇಕಿತ್ತು! ಅಷ್ಟು ವರ್ಷಗಳಲ್ಲಿ ನನ್ನ ಮೇಲೆ ಒಮ್ಮೆಯೂ ರೇಗದವರು ಅವತ್ತು ರೇಗಿದರು. "ಎಂಥಾ ದಡ್ಡನೋ ನೀನು! ನೀನಾದ್ರೂ ನೋಡಿರ್ತೀಯ, ಒಂದಿನ ಕೇಳಾನ ಅಂತ ಕಾಯ್ತಾ ಇದ್ನಲ್ಲೋ." ಉಸಿರು ಹತ್ತಿತು. ನೀರು ಕುಡಿಸಿದೆ. ದಿಂಬಿಗೆ ಒರಗಿ, "ಹೋಗ್ಲಿ, ಸುಳ್ಳೇ ಹೇಳು. ಬಕಲ್ ಬಿಚ್ಚಿದ್ಯಲ್ಲ, ಅಲ್ಲಿಂದ ಹೇಳು" ಎಂದರು.

ಹೇಳಿದೆ. ಮುಂದಿನ ಭಾನುವಾರವೂ ಹೋಗಿ ಹೇಳಿದೆ, ಅದರ ಮುಂದಿನದೂ. ಕಥೆ ಹೇಳಿ ಅಭ್ಯಾಸವಿಲ್ಲದವನು, ಬಸ್ಸಿನಲ್ಲಿ ಕೂತು ತಲೆ ಕೆರೆದುಕೊಂಡು ಒಂದೊಂದು ಕೋಣೆ ಕಟ್ಟುತ್ತಿದ್ದೆ. ಅವರು ಸುಮ್ಮನೆ ಕೇಳುವ ಪೈಕಿಯೇ? ಮೆಟ್ಟಿಲು ಹತ್ತಿಸಿದರೆ "ಮೆಟ್ಟಿಲ ಕೆಳಗೆ ನೋಡಿದ್ಯಾ?" ಎನ್ನುವರು. ಒಂದು ಪೆಟ್ಟಿಗೆ ಇತ್ತು ಎಂದರೆ "ಒಳಗೇನಿತ್ತು?" ಕನ್ನಡಿ ಎಂದರೆ "ತಿರುಗಿಸಿ ನೋಡು." ಬೇಗ ಬಾಗಿಲ ಹತ್ತಿರ ಒಯ್ಯೋಣವೆಂದು ನಾನು ಹೆಣಗಿದರೆ, ಕೈ ಎತ್ತಲಾಗದಿದ್ದರೂ ಬೆರಳೊಂದನ್ನು ಎತ್ತಿ ತಡೆಯುವರು. ಇವರಿಗೆ ಎಷ್ಟು ಸಮಯ ಉಳಿದಿದೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಕಂಡ ಪೆಟ್ಟಿಗೆಯೆಲ್ಲ ತೆರೆಯಬೇಕು! "ಮೇಡಂ, ಕೈ ಮುಗೀತೀನಿ, ಮುಂದಕ್ಕೆ ಹೋಗಾನ ಬರ್ರಿ" ಎಂದು ಒಮ್ಮೆ ಅತ್ತೇಬಿಟ್ಟೆ. ಅವರು ನನ್ನ ಕೈ ಹಿಡಿದುಕೊಂಡರು. ಕನ್ನಡಿಯ ಹಿಂದೆ ಏನಿತ್ತೆಂದು ಮತ್ತೆ ಕೇಳಿದರು.

ಆಮೇಲಿನ ಭಾನುವಾರ ನಾನು ಪೂರ್ತಿ ತಯಾರಾಗಿ ಹೊರಟಿದ್ದೆ. ಪೆಟ್ಟಿಗೆ ಇಲ್ಲ, ಕನ್ನಡಿ ಇಲ್ಲ, ಬರಿಯ ಒಂದು ಉದ್ದನೆಯ ಓಣಿ, ಅದರ ತುದಿಯಲ್ಲಿ ಬಾಗಿಲು. ಒಳಗೆ ಬಡಿಯುತ್ತಿದ್ದವರು ಯಾರೆಂದೂ ಬಸ್ಸಿನಲ್ಲಿ ಹೊಳೆದಿತ್ತು. ಸುಳ್ಳಾದರೂ ಎಷ್ಟು ಚೆನ್ನಾಗಿತ್ತೆಂದರೆ ನನಗೇ ನಗು ಬಂತು. ಬಸ್ಸಿಳಿದು ಹೋದರೆ ಮನೆ ಮುಂದೆ ಜನ. ಹಿಂದಿನ ದಿನವೇ ಹೋಗಿಬಿಟ್ಟಿದ್ದರು. ಅವರ ತಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಶುಕ್ರವಾರದಿಂದ ಕೇಳ್ತಾನೇ ಇತ್ತಣ್ಣ ಅಕ್ಕ, ಭಾನುವಾರ ಬಂತಾ, ಭಾನುವಾರ ಬಂತಾ ಅಂತ" ಎಂದ.

ಈಗ ಆ ಆಟದ ಕೊನೆ ಬೇಕೆಂದರೆ ಫೋನಿನಲ್ಲೇ ಸಿಗುತ್ತದೆ. ಮಗಳು ತೋರಿಸಲು ಬಂದಿದ್ದಳು, ಬೇಡ ಎಂದು ರೇಗಿ ಕಳಿಸಿದೆ. ನಾನು ಕಟ್ಟಿದ ಕೊನೆಯನ್ನೂ ಯಾರಿಗೂ ಹೇಳಿಲ್ಲ. ಹೇಳಿದರೆ ಕೇಳುವವರು ಸುಮ್ಮನೆ ಕೇಳಿಬಿಡುತ್ತಾರೆ. ಆ ಓಣಿಯ ಗೋಡೆಯಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ.