ಕಂಬಳಿಯಲ್ಲಿ ಬೆಂಗಳೂರಿಗೆ ಹೋದ ಮೇಣದ ಬ್ಲಾಕ್

ಮುಟ್ಟು ನಿಂತು ಆರು ವರ್ಷವಾಗಿತ್ತು. ನಿವೃತ್ತರು ಹೇಳದೆ ಕೇಳದೆ ಮತ್ತೆ ಕೆಲಸಕ್ಕೆ ಹಾಜರಾಗುವುದು ಶಿಕ್ಷಣ ಇಲಾಖೆಯಲ್ಲೂ ಅಪರೂಪ. ನನ್ನ ದೇಹದಲ್ಲಿ ಆಯಿತು.

ರಕ್ತ.

ಐಮಂಗಲದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಂಗಾಂಗಗಳ ಹೆಸರು ಬಾಯಿಪಾಠ ಮಾಡಿಸಿದ ಟೀಚರ್ ನಾನು. ಆದರೂ ಊರಿಗೆ ‘ಹೊಟ್ಟೆನೋವು’ ಎಂದೇ ಘೋಷಿಸಿದೆ. ಹೊಟ್ಟೆ ಸಭ್ಯ ಅಂಗ.

ಚಿತ್ರದುರ್ಗದ ಡಾಕ್ಟರಮ್ಮ ಗರ್ಭಕೋಶದ ಬಾಯಲ್ಲಿ ಗಡ್ಡೆ ಕಂಡು ಬಯಾಪ್ಸಿಗೆಂದು ಒಂದು ಚೂರು ತೆಗೆದರು. ಆಪರೇಷನ್ನಿಗೆ ದಿನವೂ ಗೊತ್ತಾಯಿತು. ಆಮೇಲೆ ರಿಪೋರ್ಟ್ ಬಂತು.

“ತಡೀರಿ, ಇದು ಮಾಮೂಲಿ ಕ್ಯಾನ್ಸರ್ ತರ ಕಾಣ್ತಿಲ್ಲ. ಲಿಂಫೋಮಾ ಅಂತ ಬೇರೆ ಜಾತಿ ಕ್ಯಾನ್ಸರ್ ಇರಬಹುದು. ಈ ಜಾಗದಲ್ಲಿ ಬಹಳ ಅಪರೂಪ. ಅದೇ ಆಗಿದ್ರೆ ಗರ್ಭಕೋಶ ತೆಗೆಯೋದು ಬೇಡ, ಕೀಮೋ ಕೊಡ್ತಾರೆ. ಬೆಂಗಳೂರಿನ ಲ್ಯಾಬಲ್ಲಿ ಇನ್ನೊಂದು ಟೆಸ್ಟ್ ಆಗಲಿ.”

ನನ್ನ ಮಾಂಸದ ಚೂರನ್ನು ಹುದುಗಿಸಿದ್ದ ಮೇಣದ ಬ್ಲಾಕ್ ನಮ್ಮ ಯಜಮಾನರ ಕೈಗೆ ಬಂತು. “ಬಿಸಿಲಿಗೆ ಇಡಬೇಡಿ, ಕರಗುತ್ತೆ” ಎಂದರು ಲ್ಯಾಬಿನವರು. ಅಷ್ಟು ಸಾಕಿತ್ತು. ಕುರಿ ಸಾಕುವ ಮನೆತನದವರು. ಹೆಗಲ ಮೇಲಿನ ಕಂಬಳಿ ತೆಗೆದು ಎಳೆಮರಿಯನ್ನು ಸುತ್ತುವಂತೆ ಸುತ್ತಿದರು.

“ಈ ಬಿಸ್ಲಾಗೆ ಕಂಬಳಿನಾ?” ಎಂದೆ.

“ಚಳಿ ತಡೆಯೋದು ಬಿಸ್ಲು ತಡೆಯಲ್ವೇನೇ? ನಿಂಗೆ ಪಾಠ ಗೊತ್ತೈತೆ, ಉಣ್ಣೆ ಗೊತ್ತಿಲ್ಲ.”

ಬೆಂಗಳೂರಿನ ಬಸ್ಸಿನಲ್ಲಿ ನೆರಳಿನ ಕಡೆಯ ಸೀಟಿಗಾಗಿ ಒಬ್ಬರನ್ನು ಎಬ್ಬಿಸಿದರು. ಕಂಡಕ್ಟರ್ ಬಂದು ಕಂಬಳಿಯ ಗಂಟು ನೋಡಿದ.

“ಏನ್ ಯಜಮಾನ್ರೇ, ಮರಿನಾ? ಅದಕ್ಕೂ ಟಿಕೆಟ್ ತಗಳ್ರಿ.”

“ಮರಿ ಅಲ್ಲಪ್ಪ. ನಮ್ಮನೆಯಾಕೆ ಗರ್ಭಕೋಶದ ತುಂಡು.”

ಕಂಡಕ್ಟರ್ ಎರಡೇ ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ.

ಹಿಂದಿನ ಸೀಟಿನಲ್ಲಿ ನಮ್ಮೂರಿನ ನಾಲ್ವರಿದ್ದರು. ಐಮಂಗಲದಲ್ಲಿ ಇಳಿದರು. ನನ್ನ ‘ಹೊಟ್ಟೆನೋವಿನ’ ಗುಟ್ಟೂ ಅವರ ಜೊತೆಗೇ ಇಳಿದು ಹೋಯಿತು.

ಆಮೇಲೆ ಹತ್ತು ದಿನ ಕಾದೆವು. ಹೆಸರಿಲ್ಲದ ಕಾಯಿಲೆಗೆ ಹರಕೆ ಹೊರುವುದೂ ಕಷ್ಟ; ಏನನ್ನು ಕಳೆಯಬೇಕೆಂದು ಬರೆಯದ ಅರ್ಜಿಯನ್ನು ಯಾವ ದೇವರು ತಾನೇ ಮುಂದಿನ ಮೇಜಿಗೆ ಕಳಿಸಿಯಾನು? ಊಟ ಸೇರುತ್ತಿರಲಿಲ್ಲ. ಹೆದರಿದ್ದೆ.

ಕೊನೆಗೆ ಬೆಂಗಳೂರಿನ ರಿಪೋರ್ಟ್ ಬಂತು: ಲಿಂಫೋಮಾ.

“ಹಂಗಾರೆ ಕೊಯ್ಯಂಗಿಲ್ವಾ ಡಾಕ್ಟ್ರಮ್ಮ?” ಎಂದರು ಯಜಮಾನರು.

“ಕೊಯ್ಯೋದಿಲ್ಲ.”

ಹೆಂಡತಿಗೆ ಇಂಥ ಕ್ಯಾನ್ಸರ್ ಎಂದು ಖಚಿತವಾದದ್ದಕ್ಕೆ ಕೈಮುಗಿದ ಗಂಡ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು.

ಆರು ಕೀಮೋ ಆದವು. ಕೂದಲು ಹೋಯಿತು, ಮುದ್ದೆಯ ರುಚಿ ಹೋಯಿತು. ಕಳೆದ ವಾರ ಸ್ಕ್ಯಾನ್ ನೋಡಿ ಡಾಕ್ಟರು, “ಈಗ ಏನೂ ಕಾಣ್ತಿಲ್ಲ” ಎಂದರು. ‘ಈಗ’ ಎಂಬುದಕ್ಕೆ ಮನಸ್ಸಿನಲ್ಲೇ ಅಡಿಗೆರೆ ಎಳೆದುಕೊಂಡು ಮನೆಗೆ ಬಂದೆ.

ಹಿಂದಿನ ಬೀದಿಯ ಲಕ್ಷ್ಮಕ್ಕ ಬಾಗಿಲಲ್ಲಿ ನಿಂತಿದ್ದಳು.

“ಟೀಚರ್, ನಿಮ್ಮ ಯಜಮಾನ್ರು ಬಸ್ಸಿನಾಗೆ ಹೇಳಿದ್ರಂತಲ್ಲ... ನಂಗೂ ನಿಂತೋಗಿ ಎಂಟು ವರ್ಷ ಆಗಿತ್ತು. ಈಗ ಮತ್ತೆ ಕಾಣ್ತೈತೆ. ಯಾರಿಗೂ ಹೇಳಿಲ್ಲ.”

“ನಂಗೆ ಹೇಳಿದ್ಯಲ್ಲ. ಬೆಳಿಗ್ಗೆ ಸೀರೆ ಉಟ್ಕಂಡು ರೆಡಿಯಾಗಿರು. ದುರ್ಗಕ್ಕೆ ಹೋಗಾಣ.”