ಶ್ಯಾಮಲಾ ಕುರ್ಚಿಯಲ್ಲಿ ಕೂತ ದಿನ

ಬಂಗಾರಪೇಟೆಯ ಆ ಸಣ್ಣ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಯ ದೀಪ ಇನ್ನೂ ಆರಿಲ್ಲ. ಮಾರಿಕುಪ್ಪಂನಿಂದ ಬೆಳಗಿನ ರೈಲಿಗೆ ಬಂದಿಳಿದ ಆಯಾ ಶ್ಯಾಮಲಾ, ಸೀರೆಯ ಮೇಲೆ ನೀಲಿ ಕೋಟು ತೊಟ್ಟು ಬಿಸಿನೀರಿನ ಬಕೆಟ್ ಹಿಡಿದು ಒಳಗೆ ಬರುತ್ತಾರೆ. ಬಟ್ಟೆಯನ್ನು ಅದ್ದಿ, ಹಿಂಡಿ, ಮೊದಲು ತಮ್ಮ ಮುಂಗೈಗೆ ತಾಗಿಸಿ ನೋಡುತ್ತಾರೆ. ಬಿಸಿ ಹದವಾಗಿದ್ದರೆ ಮಾತ್ರ ಅದು ರೋಗಿಯ ಮುಖಕ್ಕೆ.

ಕಿಟಕಿ ಪಕ್ಕದ ಮಂಚದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಅಜ್ಜಿ ಮಾರಿಯಮ್ಮ ಇದ್ದಾರೆ. ಶ್ಯಾಮಲಾ ಅವರ ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ.

“ಪಾಟಿ,” ಎಂದು ತಮಿಳಿನಲ್ಲಿ ಅಜ್ಜಿಯನ್ನು ಕರೆಯುತ್ತಾರೆ, “ಬೆರಳು ಆಡಿಸು ನೋಡೋಣ.”

“ದಿನಾ ಬೆಳಗ್ಗೆ ನನ್ ಕಾಲು ಹಿಡೀತೀಯಲ್ಲೇ, ಆಶೀರ್ವಾದ ಬೇಕಾ?”

“ಆಶೀರ್ವಾದ ಆಮೇಲೆ. ಮೊದ್ಲು ಹೆಬ್ಬೆರಳು.”

ಹೆಬ್ಬೆರಳು ಆಡುತ್ತದೆ. ಬೆಚ್ಚಗಿದೆ. ಶ್ಯಾಮಲಾ ಅಜ್ಜಿಯ ಹೊದಿಕೆ ಸರಿಮಾಡಿ ಮುಂದಿನ ಮಂಚಕ್ಕೆ ಹೋಗುತ್ತಾರೆ.

ಈ ಅಭ್ಯಾಸ ಶುರುವಾದದ್ದು ಗಂಗರತ್ನಮ್ಮನವರ ಕೈ ಹಾಳಾದ ಮೇಲೆ. ಶ್ಯಾಮಲಾ ಆಗ ರಾಬರ್ಟ್‌ಸನ್‌ಪೇಟೆಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಆಯಾ. ಗಣಿ ಕಾರ್ಮಿಕನ ಮಗಳಾದ ಅವರು ಮದುವೆಯಾದ ಹೊಸದರಲ್ಲೇ ಆ ಕೆಲಸಕ್ಕೆ ಸೇರಿದ್ದರು. ಬೆಡ್‌ಪ್ಯಾನ್ ತೊಳೆಯುವುದು, ಹಾಸಿಗೆ ಬದಲಿಸುವುದು, ಹೆರಿಗೆಯಾದವರಿಗೆ ಸ್ನಾನ ಮಾಡಿಸುವುದು, ಡಾಕ್ಟರು ಬಂದರೆ ಗೋಡೆಗೆ ಸರಿದು ನಿಲ್ಲುವುದು.

ಕ್ಯಾಸಂಬಳ್ಳಿ ಕಡೆಯ ಹಳ್ಳಿಯ ಗಂಗರತ್ನಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡು ಅಲ್ಲಿಗೆ ಬಂದಿದ್ದರು. ಪ್ಲಾಸ್ಟರ್ ಹಾಕಿ ಮಲಗಿಸಿದರು. ಸಂಜೆಯಾಗುತ್ತಲೇ ಬೆರಳುಗಳು ಊದಿಕೊಂಡು ತಣ್ಣಗಾಗತೊಡಗಿದವು.

“ಕೈಯೊಳಗೆ ಬೆಂಕಿ ಇಟ್ಟಂಗೈತೆ ಅಂತ ಅಳೋರು,” ಎಂದು ನನ್ನೊಡನೆ ಹೇಳುತ್ತಾರೆ ಶ್ಯಾಮಲಾ. “ನಾನು ಓಡಿಹೋಗಿ ಡಾಕ್ಟರ್‌ಗೆ ಹೇಳ್ದೆ. ನೋವಿನ ಮಾತ್ರೆ ಕೊಡ್ಸು ಅಂದ್ರು. ಬೆಳಗ್ಗೆ ಮತ್ತೆ ಹೇಳ್ದೆ. ‘ಡಾಕ್ಟರ್ ನೀನಾ, ನಾನಾ?’ ಅಂದ್ರು. ಬೆರಳು ಯಾಕೆ ತಣ್ಣಗಾಯ್ತು ಅಂತ ನಂಗೇನು ಗೊತ್ತಮ್ಮ? ತಣ್ಣಗಿದೆ ಅಂತ ಮಾತ್ರ ಗೊತ್ತಿತ್ತು.”

ಡಾಕ್ಟರು ಬಂದು ನೋಡಿದ್ದು ಮಾರನೆಯ ಸಂಜೆ. ಬಿಗಿಯಾಗಿದ್ದ ಪ್ಲಾಸ್ಟರ್ ಕತ್ತರಿಸುವಷ್ಟರಲ್ಲಿ ಕೈಯ ಒಳಗಿನ ಮಾಂಸ ಸತ್ತಿತ್ತು. ಮುದುಡಿದ ಬೆರಳುಗಳು ಮತ್ತೆ ಬಿಚ್ಚಲಿಲ್ಲ. ಹಾಲು ಕರೆಯುವ ಕೈ ಅದು.

ಗಂಗರತ್ನಮ್ಮನ ಗಂಡ ಬಚ್ಚಪ್ಪ ಬೆಂಗಳೂರಿನ ವೈದ್ಯಕೀಯ ಪರಿಷತ್ತಿಗೆ ದೂರು ಕೊಟ್ಟರು. ತಪ್ಪು ಸಾಬೀತಾದರೆ ಡಾಕ್ಟರ ಹೆಸರನ್ನೇ ನೋಂದಣಿಯಿಂದ ತೆಗೆಯುವ ಅಧಿಕಾರ ಅದಕ್ಕಿದೆ. ಆದರೆ ಸಾಕ್ಷಿ ಬೇಕು. ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಶ್ಯಾಮಲಾ ಒಪ್ಪಿದರು. ಕೆಲಸ ಹೋಯಿತು. ಬಣ್ಣ ಬಳಿಯುವ ಗಂಡ ವೇಣು ಹೆಚ್ಚು ಮಾತಾಡುವವರಲ್ಲ. ವಿಚಾರಣೆಯ ದಿನ ಬೆಳಗ್ಗೆ ತಾವೇ ಎದ್ದು ಅನ್ನ ಕಲಸಿ ಡಬ್ಬಿಗೆ ಹಾಕಿ, ರೈಲಿನವರೆಗೂ ಹಿಡಿದು ತಂದು ಕೊಟ್ಟರಂತೆ.

ವಿಚಾರಣೆಯ ಕೋಣೆಗೆ ಡಾಕ್ಟರು ಬರುತ್ತಲೇ ಗಂಗರತ್ನಮ್ಮ ದಡಕ್ಕನೆ ಎದ್ದು, ಮುದುಡಿದ ಕೈಯನ್ನೂ ಸೇರಿಸಿ ನಮಸ್ಕಾರ ಮಾಡಿದರು. ಏನಾಯಿತು ಹೇಳಿ ಎಂದರೆ, “ಡಾಕ್ಟರಪ್ಪ ಒಳ್ಳೇವ್ರೇ ಸಾಮಿ. ಏನೋ ನನ್ ಅಣೇಬರ,” ಎಂದುಬಿಟ್ಟರು.

ಬಚ್ಚಪ್ಪ ತಲೆ ಮೇಲೆ ಕೈ ಇಟ್ಟುಕೊಂಡರು. “ಈ ಮಾತು ಯೋಳಾಕೆ ಬೆಂಗ್ಳೂರ್‌ಗಂಟ ಬರ್ಬೇಕಿತ್ತೇನಮ್ಮೀ? ನಮ್ ಜಗ್ಲಿ ಮ್ಯಾಲೇ ಯೋಳಿದ್ರೆ ಆಗ್ತಿತ್ತು!”

ದೂರು ಅಲ್ಲಿಗೇ ಮುಗಿಯುವಂತಿತ್ತು. ಆಗ ಶ್ಯಾಮಲಾರನ್ನು ಕರೆದರು. ಪರಿಷತ್ತಿನ ವಯಸ್ಸಾದ ಡಾಕ್ಟರಮ್ಮ ಒಬ್ಬರು “ಕೂತ್ಕೊಳ್ಳಮ್ಮ” ಎಂದರು. ಶ್ಯಾಮಲಾ ಗೋಡೆಯ ಪಕ್ಕ ನಿಂತೇ ಇದ್ದರು.

“ಡಾಕ್ಟರ್ ಮುಂದೆ ಕೂತೇ ಇರ್ಲಿಲ್ಲಮ್ಮ ನಾನು ಯಾವತ್ತೂ. ನಿಂತಿದ್ರೆ ಬಾಯಿಗೆ ‘ಸರಿ ಸಾರ್’ ಬಿಟ್ಟು ಬೇರೆ ಏನೂ ಬರಲ್ಲ.”

ಆ ಡಾಕ್ಟರಮ್ಮ ತಾವೇ ಎದ್ದು, ಕುರ್ಚಿಯ ಮೇಲಿದ್ದ ತಮ್ಮ ಚೀಲ ತೆಗೆದು, ಕುರ್ಚಿ ಎಳೆದು ಕೊಟ್ಟು, ಒಂದು ಲೋಟ ನೀರನ್ನೂ ಇಟ್ಟರು. ಶ್ಯಾಮಲಾ ಕೂತರು.

“ಕೂತ ಮೇಲೆ ನಮ್ ಡಾಕ್ಟರ್ ಮುಖ ನನ್ ಮುಖದ ಎದುರಿಗೇ ಬಂತು. ಅದೇ ಎತ್ತರ. ಆಮೇಲೆ ಎಲ್ಲಾ ಹೇಳ್ದೆ. ಕಂಡಿದ್ದು, ಮುಟ್ಟಿದ್ದು, ಬೈಸ್ಕೊಂಡಿದ್ದು.”

ಹೇಳಿ ಮುಗಿಸಿ ಗಂಗರತ್ನಮ್ಮನ ಕಡೆ ತಿರುಗಿದರು. “ಅಕ್ಕಾ, ನೀವೂ ಕೂತ್ಕೊಳ್ಳಿ. ಕೂತ್ಕೊಂಡು ಇನ್ನೊಂದ್ಸಲ ಹೇಳಿ.”

ಗಂಗರತ್ನಮ್ಮ ಕೂತರು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಡಾಕ್ಟರ ಮುಂದೆ ಮೇಜಿನ ಮೇಲಿಟ್ಟರು. “ಇದುನ್ನ ಬಿಚ್ಚಿ ಸಾಮಿ, ನೋಡಾಣ. ಒಂದ್ ರಾತ್ರಿ, ಒಂದ್ ಅಗಲು ಕೂಗ್ಕಂಡೆ. ಯಾಕ್ ಬರ್ನಿಲ್ಲ?”



ಕೆಲವು ತಿಂಗಳ ನಂತರ ಆದೇಶ ಬಂತು: ನಿರ್ಲಕ್ಷ್ಯ ಸಾಬೀತಾಗಿದೆ, ಒಂದು ವರ್ಷ ಆ ಡಾಕ್ಟರು ಯಾರಿಗೂ ಚಿಕಿತ್ಸೆ ಕೊಡುವಂತಿಲ್ಲ. ಬಚ್ಚಪ್ಪ ಹೇಳುತ್ತಾರೆ: “ಕೈಯಂತೂ ಬರ್ನಿಲ್ಲ. ಆದ್ರೆ ತಪ್ಪು ನಮ್ ಅಣೇಬರದ್ದಲ್ಲ ಅಂತ ಆಯ್ತಲ್ಲ, ಅಷ್ಟು ಸಾಕು.” ಈಗ ಗಂಗರತ್ನಮ್ಮ ಎಡಗೈಯಲ್ಲೇ ಹಾಲು ಕರೆಯುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಬಂಗಾರಪೇಟೆಗೆ ಬಂದಾಗಲೆಲ್ಲ ಶ್ಯಾಮಲಾಗೆ ಗಟ್ಟಿ ಮೊಸರು ತರುತ್ತಾರೆ.

ಮಾರಿಕುಪ್ಪಂನ ನೆರೆಹೊರೆಯವರು ಮಾತ್ರ ಬಹಳ ದಿನ ಕೆಣಕಿದರು. “ಡಾಕ್ಟರ್ ಮೇಲೇ ಸಾಕ್ಷಿ ಹೇಳ್ದೋಳು! ನಾಳೆ ನಿಂಗೆ ಜ್ವರ ಬಂದ್ರೆ ಯಾರು ನೋಡ್ತಾರೆ?” ಶ್ಯಾಮಲಾ ನಗುತ್ತಾರೆ. “ಜ್ವರ ಬರೋಕೆ ನಂಗೆಲ್ಲಿ ಪುರಸೊತ್ತು ಅಂದೆ.”

ಹಾಗೆ ಕೆಣಕಿದವರೇ ಈಗ ಯಾರಿಗಾದರೂ ಆಸ್ಪತ್ರೆಯಲ್ಲಿ ಅನ್ಯಾಯವಾಯಿತೆನಿಸಿದರೆ ಶ್ಯಾಮಲಾರ ಬಾಗಿಲು ತಟ್ಟುತ್ತಾರೆ. ರಜೆಯ ದಿನ ಶ್ಯಾಮಲಾ ಅಂಥವರ ಜೊತೆ ಬೆಂಗಳೂರಿಗೆ ಹೋಗುತ್ತಾರೆ. ತಮಿಳಿನವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಅವರು ಹೇಳಿಕೊಡುವುದು ಇಷ್ಟೇ: ಮೊದಲು ಕೂತುಕೊಳ್ಳಿ. ಕೆಲವರನ್ನು ಸಮಾಧಾನ ಹೇಳಿ ಹಿಂದಕ್ಕೂ ಕಳಿಸುತ್ತಾರೆ. “ಎಲ್ಲಾ ಸಾವಿಗೂ ಡಾಕ್ಟರ್ ಕಾರಣ ಅಲ್ಲಮ್ಮ. ರಾತ್ರಿಯೆಲ್ಲ ನಿದ್ದೆಗೆಟ್ಟು ನೋಡಿದ ಡಾಕ್ಟರ್‌ಗಳನ್ನೂ ನಾನು ಕಂಡಿದ್ದೀನಿ.”

ಎಲ್ಲ ಗೊತ್ತಿದ್ದೇ ಅವರನ್ನು ಕೆಲಸಕ್ಕೆ ಸೇರಿಸಿಕೊಂಡವರು ಬಂಗಾರಪೇಟೆಯ ಈ ಆಸ್ಪತ್ರೆಯ ಡಾಕ್ಟರಮ್ಮ. ಬೆಳಗ್ಗೆ ವಾರ್ಡಿಗೆ ಬಂದವರು ಮೊದಲು ಕೇಳುವುದು ಶ್ಯಾಮಲಾರನ್ನೇ: “ಎಲ್ಲರ ಬೆರಳೂ ಬೆಚ್ಚಗಿದೆಯೇನಮ್ಮ?”

ಕೆಲಸ ಮುಗಿಸಿ ಶ್ಯಾಮಲಾ ಟೀ ಲೋಟ ಹಿಡಿದು ಬಾಗಿಲಿಗೆ ಒರಗಿ ನಿಲ್ಲುತ್ತಾರೆ. ಮಾರಿಯಮ್ಮನಿಗೆ ಸಕ್ಕರೆ ಆಗದೆಂದು ಅವರಿಗೆ ಕಾಣದ ಹಾಗೆ ಲೋಟವನ್ನು ಸೆರಗಿನಲ್ಲಿ ಮರೆಮಾಡಿಕೊಂಡಿದ್ದಾರೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

“ವಾರ್ಡಿಗೊಂದು ಸ್ಟೂಲ್ ಕೇಳಿದ್ದೀನಿ. ಆಯಾಗಳು ಕೂರೋಕೆ. ಇಲ್ಲೇ, ಬಾಗಿಲ ಹತ್ರ ಹಾಕಿದ್ರೆ ಸಾಕು. ತರಿಸ್ತೀನಿ ಅಂದಿದ್ದಾರೆ.”

“ಕೂತಿರುವಾಗ ಡಾಕ್ಟರಮ್ಮ ಬಂದರೆ?”

“ಒಳ್ಳೇವ್ರಮ್ಮ ಅವ್ರು, ನಮಸ್ಕಾರ ಮಾಡ್ತೀನಿ,” ಎಂದು ಶ್ಯಾಮಲಾ ಟೀ ಮುಗಿಸುತ್ತಾರೆ. “ಕೂತ್ಕೊಂಡೇ ಮಾಡ್ತೀನಿ.”