ತೆಗೆಯದ ಪ್ಲಾಸ್ಟಿಕ್ಕು

ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತೋ ಪುಟ್ಟ ಮನೆಯಂಥ ಟ್ರೇಲರು ನಮ್ಮದು. ಹೇವರ್ಡ್ ಅನ್ನೋ ಊರಲ್ಲಿ ನಿಲ್ಲಿಸಿದ್ದಾಗ ಬಿರುಗಾಳಿಗೆ ಮರ ಬಿದ್ದು ಚಾವಣಿ ಸೀಳಿಹೋಯಿತು.

ನೋಡಲು ಬಂದ ಇನ್ಶೂರೆನ್ಸ್ ಕಂಪನಿಯಾಕೆ, "ಇದು ರಿಪೇರಿಗೆ ಲಾಯಕ್ಕಿಲ್ಲ, ಪರಿಹಾರ ಕೊಡ್ತೀವಿ. ಗಾಡಿ ನೀವೇ ಇಟ್ಕೋತೀರಾ, ನಾವು ಎತ್ಕೊಂಡು ಹೋಗೋದಾ?" ಅಂದಳು. ಆಮೇಲೆ ಸೀಟು ಮುಟ್ಟಿ, "ಹೊಸದಾ? ಪ್ಲಾಸ್ಟಿಕ್ಕೇ ತೆಗೆದಿಲ್ಲ!"

ಕೊಂಡು ನಾಲ್ಕು ವರ್ಷವಾಗಿತ್ತು. ಸೀಟು ಕೊಳೆಯಾಗುತ್ತೆ ಅಂತ, ಹೋದಲ್ಲೆಲ್ಲ ಪ್ಲಾಸ್ಟಿಕ್ ಮೇಲೇ ಬೆವರುತ್ತ ಕೂತಿದ್ದೆವು. ಈಗ ಮೊದಲ ಸಲ ಅದನ್ನು ಸರಿಸಿ ಕೂತೆ. ಸೀಳಿದ ಚಾವಣಿಯಿಂದ ಮಳೆ ಸುರಿದಿದ್ದರೂ ಸೀಟಿಗೆ ಒಂದು ಹನಿಯೂ ಇಳಿದಿರಲಿಲ್ಲ. ಎಷ್ಟು ಮೆತ್ತಗಿತ್ತು!

"ಇಟ್ಕೊಳ್ಳೋಣ ಕಣೇ," ಅಂದೆ.

"ಇಟ್ಕೊಂಡ್ರೆ ಇದರ ಮೇಲೆ ಕೂರೋಕೆ ಬಿಡ್ತೀರೇನ್ರೀ? ಕೊಟ್ಬಿಡಿ," ಅಂದಳು ಹೆಂಡತಿ.

ಕೊಟ್ಟುಬಿಟ್ಟೆ. ಪ್ಲಾಸ್ಟಿಕ್ಕನ್ನ ಮಾತ್ರ ಒರೆಸಿ, ಮಡಚಿ ಮನೆಗೆ ತಂದೆ. ಚೆನ್ನಾಗೇ ಇತ್ತಲ್ಲ!